ಮೀಡಿಯಂ ಸೈಜಿನ ಮೈ

ಅಕ್ಕನ ಮೈಯಲ್ಲಿ ಬೊಜ್ಜು ಇರಲಿಲ್ಲ. ಕೇಸು ನಿಲ್ಲುವುದಿಲ್ಲ ಎನ್ನುವುದಕ್ಕೆ ವಕೀಲರು ಕೊಟ್ಟ ಮೊದಲ ಕಾರಣ ಇದೇ. ತೂಕ ಇಳಿಸುವ ಸೂಜಿಯಿಂದ ಹೊಟ್ಟೆ ಹಾಳಾದವರು ಪರಿಹಾರ ಕೇಳಬಹುದು. ಆದರೆ ಅವರು ಮೊದಲು ದಪ್ಪ ಇದ್ದಿರಬೇಕು. ದಪ್ಪ ಇದ್ದಾರೆ ಎಂದು ಡಾಕ್ಟರೊಬ್ಬರು ಬರೆದಿರಬೇಕು. ಅಕ್ಕ ದಪ್ಪ ಇರಲಿಲ್ಲ. ಅಕ್ಕ ಮೀಡಿಯಂ ಇದ್ದಳು.

ಅದೇ ಅವಳ ಕೆಲಸವಾಗಿತ್ತು.

ನಾವಿಬ್ಬರೂ ಒಂದೇ ಗಾರ್ಮೆಂಟ್ಸ್‌ನಲ್ಲಿ ದುಡಿಯುತ್ತಿದ್ದೆವು. ನಾನು ಇಸ್ತ್ರಿ ವಿಭಾಗದಲ್ಲಿ. ಅಕ್ಕ ಕಾಲರ್ ಕೂರಿಸುವ ಮಷಿನ್ನಿನಲ್ಲಿ. ಒಂದು ದಿನ ಪ್ಯಾಟರ್ನ್ ಮಾಸ್ಟರು ಟೇಪು ಹಿಡಿದು ಬಂದು ನಮ್ಮ ಫ್ಲೋರಿನ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಎದೆ, ಸೊಂಟ, ಕುಂಡೆ ಅಳೆದರು. ಯಾಕೆಂದು ಯಾರೂ ಕೇಳಲಿಲ್ಲ. ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿದ್ದ. ಅಕ್ಕನ ಅಳತೆ ನಮ್ಮ ಬಟ್ಟೆ ಕೊಳ್ಳುವ ವಿದೇಶದ ಬೈಯರ್ ಕಳಿಸಿದ ಚಾರ್ಟಿಗೆ ಸರಿಯಾಗಿ ಕೂತಿತು. ಮಾಸ್ಟರ್ ಇನ್ನೊಮ್ಮೆ ಅಳೆದರು. ಮತ್ತೆ ಅಷ್ಟೇ ಬಂತು. ಮಾರನೆಯ ದಿನದಿಂದ ಅಕ್ಕನಿಗೆ ಸ್ಯಾಂಪಲ್ ರೂಮು.

ಹೊಸ ಆರ್ಡರ್ ಬಂದರೆ ಮೊದಲು ಒಂದು ಪೀಸ್ ಹೊಲಿಯುತ್ತಾರೆ. ಅದನ್ನು ಜೀವ ಇರುವ ಮೈಗೆ ತೊಡಿಸಿ ನೋಡುತ್ತಾರೆ. ಗೊಂಬೆಯೂ ಇದೆ. ಆದರೆ ಗೊಂಬೆ ಕೂರುವುದಿಲ್ಲ, ಬಗ್ಗುವುದಿಲ್ಲ, ಕೈ ಎತ್ತುವುದಿಲ್ಲ. ಕಂಕುಳು ಹಿಡಿಯುತ್ತೆ ಎಂದು ಹೇಳುವುದಿಲ್ಲ. ಅದಕ್ಕೆ ಅಕ್ಕ ಬೇಕಾಗಿತ್ತು. ಅವಳ ಮೈ ಮೇಲೆ ಸರಿ ಕಂಡದ್ದನ್ನು ಅಚ್ಚು ತೆಗೆದು ಮೀಡಿಯಂ ಎನ್ನುತ್ತಿದ್ದರು. ಅದಕ್ಕೆ ಒಂದಿಷ್ಟು ಸೇರಿಸಿದರೆ ಲಾರ್ಜ್, ಒಂದಿಷ್ಟು ಕಳೆದರೆ ಸ್ಮಾಲ್. ಎಲ್ಲೋ ದೂರದ ಅಂಗಡಿಯಲ್ಲಿ ನಿಂತು ಮುಖ ಕಾಣದ ಹೆಂಗಸರು ಅಕ್ಕನ ಸೊಂಟವನ್ನು ಸುತ್ತಿಕೊಂಡು ಹೋಗುತ್ತಿದ್ದರು.

ಫ್ಲೋರಿನಲ್ಲಿ ಅವಳಿಗೆ ಮೀಡಿಯಮ್ಮ ಎಂದು ಹೆಸರು ಬಿತ್ತು.

"ಏನ್ ಮೀಡಿಯಮ್ಮೋರೆ, ಕೂತು ತಿನ್ನೋ ಕೆಲಸ ಸಿಕ್ತಲ್ಲ."

"ಕೂತಲ್ಲ ಕಣೆ, ನಿಂತು. ತಿನ್ನೋಕಂತೂ ಬಿಡಲ್ಲ."

ಅವಳು ನಗುತ್ತಲೇ ಹೇಳುತ್ತಿದ್ದಳು. ಆದರೆ ಬೆಳಗ್ಗೆಯಿಂದ ಸಂಜೆವರೆಗೆ ಒಳಲಂಗದಲ್ಲಿ ನಿಲ್ಲಬೇಕು. ಮಾಸ್ಟರ್ ಪಿನ್ನು ಚುಚ್ಚುತ್ತಾ ಸುತ್ತುತ್ತಾರೆ. ಪಿನ್ನು ಬಟ್ಟೆಗೆ ಚುಚ್ಚಿದ್ದು ಎಷ್ಟೋ, ಚರ್ಮಕ್ಕೆ ಚುಚ್ಚಿದ್ದೂ ಅಷ್ಟೇ. "ಅಲ್ಲಾಡಬೇಡಮ್ಮ" ಎನ್ನುತ್ತಾರೆ. ಎದುರಿಗೆ ಮೇಜಿನ ಮೇಲೆ ಲ್ಯಾಪ್‌ಟಾಪ್. ಅದರೊಳಗೆ ಬೈಯರ್ ಕಡೆಯವರ ಮುಖಗಳು. ಅವರು ಏನೋ ಹೇಳುತ್ತಾರೆ. ಮಾಸ್ಟರ್ ಅಕ್ಕನಿಗೆ ಹೇಳುತ್ತಾರೆ. ತಿರುಗು. ಬಗ್ಗು. ಕುರ್ಚಿ ಮೇಲೆ ಕಾಲು ಇಡು. ಆ ಮುಖಗಳಲ್ಲಿ ಒಂದು ಸಹ ಅವಳ ಹೆಸರು ಕೇಳಲಿಲ್ಲ. ಕೇಳಬೇಕೆಂದು ಅವಳಿಗೂ ಅನಿಸಿರಲಿಲ್ಲ. ಸಂಬಳ ಸ್ವಲ್ಪ ಹೆಚ್ಚು ಬರುತ್ತಿತ್ತು. ಅಕ್ಕ, ಭಾವ ಮಗಳನ್ನು ಸ್ಕೂಲಿಗೆ ಸೇರಿಸಿದ್ದರು. ಭಾವ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಿದ್ದ. ಎಲ್ಲರೂ ಒಂದೇ ಕೋಣೆಯಲ್ಲಿದ್ದೆವು.

ಒಂದು ವರ್ಷ ಕಳೆದ ಮೇಲೆ ಲ್ಯಾಪ್‌ಟಾಪಿನ ಮುಖವೊಂದು ಸೊಂಟದ ಹತ್ತಿರ ತಪ್ಪಿದೆ ಎಂದಿತು. ಮಾಸ್ಟರ್ ಬಟ್ಟೆ ಅಳೆದರು. ಬಟ್ಟೆ ಸರಿ ಇತ್ತು. ಅಕ್ಕನನ್ನು ಅಳೆದರು. ಅಕ್ಕ ತಪ್ಪಿದ್ದಳು. ಅರ್ಧ ಇಂಚು.

"ಏನಮ್ಮ ಇದು?"

"ಮುಟ್ಟಿನ ಟೈಮು ಸಾರ್. ಸ್ವಲ್ಪ ಉಬ್ಬುತ್ತೆ."

"ಬೈಯರ್‌ಗೆ ಇದನ್ನ ಹೇಳ್ಲಾ?"

ಅವಳು ರಾತ್ರಿ ಊಟ ಬಿಟ್ಟಳು. ಅರ್ಧ ಇಂಚು ಹೋಗಲಿಲ್ಲ. ಆಗ ಮಾಸ್ಟರ್ ಅವಳನ್ನು ಕಾರ್ಖಾನೆಯ ಕ್ಲಿನಿಕ್ಕಿಗೆ ಕಳಿಸಿದರು. ಕ್ಲಿನಿಕ್ಕೆಂದರೆ ಒಂದು ಹಾಸಿಗೆ, ಒಂದು ಫ್ರಿಜ್ಜು, ಒಬ್ಬ ಸಿಸ್ಟರ್. ಡಾಕ್ಟರ್ ಯಾವಾಗಲೋ ಒಮ್ಮೆ ಬಂದು ಸಹಿ ಹಾಕಿ ಹೋಗುವವರು. ಸಿಸ್ಟರ್ ಫ್ರಿಜ್ಜಿನಿಂದ ಪೆನ್ನಿನಂಥದ್ದೊಂದು ತೆಗೆದಳು.

"ಇರುವೆ ಕಚ್ಚಿದ ಹಾಗೆ, ಅಷ್ಟೇ. ದೊಡ್ಡ ಮನೆಯವರು ಎಷ್ಟು ದುಡ್ಡು ಕೊಟ್ಟು ತಗೊಳ್ತಾರೆ ಗೊತ್ತಾ? ನಿನಗೆ ಬಿಟ್ಟಿ."

"ತಗೊಳ್ಳದಿದ್ರೆ?"

"ಕಾಲರ್‌ಗೆ ವಾಪಸ್ ಹೋಗ್ತೀಯಾ? ಅಲ್ಲಿ ಈಗ ಬೇರೆಯವರು ಕೂತಿದ್ದಾರೆ."

ಅಕ್ಕ ಅಂಗಿ ಎತ್ತಿ ಹೊಟ್ಟೆ ಕೊಟ್ಟಳು. ವಾರಕ್ಕೊಮ್ಮೆ ಸೋಮವಾರ ಬೆಳಗ್ಗೆ.

ಅರ್ಧ ಇಂಚು ಬೇಗ ಹೋಯಿತು. ಮಾಸ್ಟರಿಗೆ ಖುಷಿಯಾಯಿತು. ಸೂಜಿ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ವಾಪಸ್ ಬರುತ್ತದೆ ಎಂದರು. ಅಕ್ಕನಿಗೆ ಹಸಿವಾಗುತ್ತಿರಲಿಲ್ಲ. ಮೊದಮೊದಲು ಅದೂ ಒಳ್ಳೆಯದೇ ಅನಿಸಿತು. ಅವಳ ಪಾಲು ಮಗಳಿಗೆ ಹೋಗುತ್ತಿತ್ತು. ಆಮೇಲೆ ಓಕರಿಕೆ ಶುರುವಾಯಿತು. ನಮ್ಮಲ್ಲಿ ಕಕ್ಕಸಿಗೆ ಹೋಗಬೇಕೆಂದರೆ ಪಾಸು ಬೇಕು. ಪಾಸು ಬರುವವರೆಗೆ ವಾಂತಿ ಕಾಯುತ್ತದಾ? ಅಕ್ಕ ಕಟಿಂಗ್ ಚಿಂದಿ ತುಂಬುವ ಚೀಲಕ್ಕೆ ಬಗ್ಗಿ ಕಕ್ಕಿಕೊಂಡು ಮೇಲೆ ಚಿಂದಿ ಮುಚ್ಚುತ್ತಿದ್ದಳು. ಚಿಂದಿಯವನು ಬೈದುಕೊಳ್ಳುತ್ತಾ ಚೀಲ ಎತ್ತುತ್ತಿದ್ದ. ಯಾರದ್ದೆಂದು ಅವನಿಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ.

ಸಿಸ್ಟರ್‌ಗೆ ಹೇಳಿದರೆ ಅವಳು ಅಂದದ್ದು ಇಷ್ಟು: "ವಾಂತಿ ಆಗ್ತಿದೆ ಅಂದ್ರೆ ಔಷಧಿ ಕೆಲಸ ಮಾಡ್ತಿದೆ ಅಂತ."

ಬೆಳಗ್ಗೆ ತಿಂದ ಅನ್ನ ಸಂಜೆ ಅಗುಳು ಅಗುಳಾಗಿ ವಾಪಸ್ ಬರತೊಡಗಿತು. ಅರೆದಿರಲಿಲ್ಲ, ಕರಗಿರಲಿಲ್ಲ. ನಾನು ಬಕೆಟ್ ತೊಳೆಯುತ್ತಿದ್ದೆ. ಅನ್ನದ ಜೊತೆ ಅವಳು ವಾಂತಿ ನಿಲ್ಲಲೆಂದು ಬೆಳಗ್ಗೆ ನುಂಗಿದ ಮಾತ್ರೆ ಇಡಿಯಾಗಿ ಬಿದ್ದಿರುತ್ತಿತ್ತು. ವಾಂತಿಯ ಹುಳಿಗೆ ಹಲ್ಲು ಸವೆದು ತುದಿ ತುದಿ ಮುರಿದು ಬಂದವು.

ಇಲ್ಲಿ ಮಾಸ್ಟರ್ ಒಂದು ತಪ್ಪು ಮಾಡಿದರು. ಮೊದಲು ಪ್ರತಿ ಸೋಮವಾರ ತಾವೇ ಅಕ್ಕನನ್ನು ಅಳೆಯುತ್ತಿದ್ದರು. ಸೂಜಿ ಶುರುವಾದ ಮೇಲೆ ಅದನ್ನು ಬಿಟ್ಟರು. ಸೂಜಿ ಹಾಕುವಾಗ ಸಿಸ್ಟರ್ ಅಳೆಯುತ್ತಾಳೆ ಎಂದುಕೊಂಡರು. ಸಿಸ್ಟರ್ ಅಳೆಯುವುದು ಮಾಸ್ಟರ್ ಕೆಲಸ ಎಂದುಕೊಂಡಳು. ಸೊಂಟ ಹೆಚ್ಚಾಗಬಾರದು ಎಂಬುದಷ್ಟೇ ಇಬ್ಬರ ತಲೆಯಲ್ಲಿತ್ತು. ಕಡಿಮೆಯಾಗಬಹುದು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಹೊಸ ಫ್ರಾಕಿನ ಸ್ಯಾಂಪಲ್ ಅಕ್ಕನ ಮೇಲೆ ದೊಗಳೆಯಾಗಿ ಕಂಡಿತು. ಮಾಸ್ಟರ್ ಪಿನ್ನು ಹಾಕಿ ಬಿಗಿ ಮಾಡಿದರು. ಲ್ಯಾಪ್‌ಟಾಪಿನ ಮುಖಗಳು ತಲೆ ಆಡಿಸಿದವು. ಆ ಬಿಗಿಯಲ್ಲೇ ಅಚ್ಚು ತೆಗೆದು ಇಡೀ ಲಾಟು ಕತ್ತರಿಸಿದರು. ಹೊಲಿದದ್ದಾಯಿತು, ನಾನು ಇಸ್ತ್ರಿ ಹಾಕಿದ್ದಾಯಿತು, ಪೆಟ್ಟಿಗೆಯಲ್ಲಿ ಹೋದದ್ದಾಯಿತು.

ಲಾಟು ವಾಪಸ್ ಬಂತು. ಮೀಡಿಯಂ ಯಾರಿಗೂ ಹಿಡಿಸಲಿಲ್ಲ. ಲಾರ್ಜು ಮೀಡಿಯಂ ಆಗಿತ್ತು. ಸ್ಮಾಲು ಮಕ್ಕಳಿಗೂ ಬಿಗಿಯಾಗಿತ್ತು. ಇಡೀ ಲಾಟಿಗೆ ಅಕ್ಕನ ಕಾಯಿಲೆ ಬಂದಿತ್ತು.

ಅವಳನ್ನು ಆಫೀಸಿಗೆ ಕರೆದರು. ಮಾಸ್ಟರ್ ಅವಳ ಮುಖ ನೋಡಲಿಲ್ಲ.

"ನೀನು ಹೊಟ್ಟೆ ಒಳಗೆ ಎಳ್ಕೊಂಡು ನಿಂತಿದ್ದೆ" ಅಂದರು.

"ಹೊಟ್ಟೆನೇ ಇಲ್ಲ ಸಾರ್, ಏನನ್ನ ಎಳ್ಕೊಳ್ಲಿ?"

ಅವತ್ತೇ ಕೆಲಸದಿಂದ ತೆಗೆದರು. ಆ ಫ್ರಾಕುಗಳು ಲೇಬಲ್ ಕತ್ತರಿಸಿ ರಸ್ತೆ ಬದಿಯ ರಾಶಿಗೆ ಬಂದವು. ನಮ್ಮ ಪಕ್ಕದ ಕೋಣೆಯವಳು ಒಂದು ತಂದಳು. ಗುಂಡಿ ಹಾಕಲು ಒದ್ದಾಡುತ್ತಾ ಅಕ್ಕನ ಎದುರೇ ಅಂದಳು, "ಯಾವ ಒಣಕಲು ಮೂಳೆಗೆ ಹೊಲಿದಿದ್ರೋ ಏನೋ." ಅಕ್ಕ ಗೋಡೆ ಕಡೆ ತಿರುಗಿ ಮಲಗಿದಳು.

ಆಸ್ಪತ್ರೆಯಲ್ಲಿ ಪಿತ್ತಕೋಶ ತೆಗೆದರು. ಕಲ್ಲು ತುಂಬಿತ್ತು. ಆಮೇಲೆ ಹೊಟ್ಟೆ ನಿಂತುಹೋಗಿದೆ ಎಂದರು. ಡಾಕ್ಟರಮ್ಮ ಕೈ ಮುಷ್ಟಿ ಹಿಡಿದು ಬಿಟ್ಟು ತೋರಿಸಿದರು. ಹೊಟ್ಟೆ ಹೀಗೆ ಹಿಂಡಬೇಕು, ಅಕ್ಕನದು ಹಿಂಡುವುದಿಲ್ಲ. ಆ ಸೂಜಿಯಿಂದಲೇ ಆಗಿರಬಹುದು, ಕೆಲವರಿಗೆ ಸೂಜಿ ಬಿಟ್ಟರೂ ಸರಿ ಹೋಗುವುದಿಲ್ಲ ಎಂದರು. ಹೊಕ್ಕುಳ ಪಕ್ಕ ತೂತು ಮಾಡಿ ಕರುಳಿಗೆ ನಳಿಗೆ ಹಾಕಿದರು. ಡಬ್ಬದಲ್ಲಿ ಬರುವ ಆಹಾರದ ಪುಡಿ ಕಲಸಿ ನಳಿಗೆಯಲ್ಲಿ ಬಿಡಬೇಕು. ಸಣ್ಣಗೆ, ಗಂಟೆಗಟ್ಟಲೆ. ಬೇಗ ಬಿಟ್ಟರೆ ಭೇದಿ. ಡಬ್ಬ ಬಿಟ್ಟು ಬೇರೆ ಏನೂ ಇಲ್ಲ. ಡಬ್ಬ ತೀರಿದರೆ ಅವಳು ಹೆಚ್ಚು ದಿನ ಇರುವುದಿಲ್ಲ. ಅದನ್ನೂ ಡಾಕ್ಟರಮ್ಮ ಹೇಳಿದರು. ಕೆಟ್ಟದಾಗಿ ಹೇಳಲಿಲ್ಲ. ಹೇಳಬೇಕಾಗಿತ್ತು, ಹೇಳಿದರು.

ನಾವು ಅವಳ ಎದುರು ಉಣ್ಣುವುದನ್ನು ಬಿಟ್ಟೆವು. ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದೆವು. ಮಗಳು ಬಾಯಿ ಒರೆಸಿಕೊಂಡೇ ಒಳಗೆ ಹೋಗುತ್ತಿದ್ದಳು.

ವಕೀಲರ ಬೋರ್ಡು ಕಂಡದ್ದು ಭಾವನಿಗೆ. ತೂಕದ ಸೂಜಿಯಿಂದ ತೊಂದರೆಯೇ, ನಮ್ಮನ್ನು ಕಾಣಿ ಎಂದಿತ್ತು. ಮೊಬೈಲ್ ರಿಪೇರಿ ಅಂಗಡಿಯ ಮೇಲೆ ಆಫೀಸು. ಅಕ್ಕ ಮೆಟ್ಟಿಲ ಮಧ್ಯೆ ಕೂತು ಕೂತು ಹತ್ತಿದಳು. ಬೆಂಚಿನ ಮೇಲೆ ಆಗಲೇ ಜನ ಇದ್ದರು. ದೊಡ್ಡ ಮೈಯವರು. ಮೊದಲು ದೊಡ್ಡ ಮೈ ಇದ್ದು ಈಗ ಚರ್ಮ ಜೋತುಬಿದ್ದವರು. ಒಬ್ಬಾಕೆ ಅಕ್ಕನನ್ನು ಮೇಲಿಂದ ಕೆಳಗೆ ನೋಡಿ ಜಾಗ ಕೊಟ್ಟಳು.

"ನಿಂಗೆ ಚೆನ್ನಾಗಿ ಇಳಿದಿದೆಯಲ್ಲಮ್ಮ. ಮೊದಲು ಎಷ್ಟಿದ್ದೆ?"

"ಮೀಡಿಯಂ" ಅಂದಳು ಅಕ್ಕ.

ಆಕೆ ನಕ್ಕಳು. ನಗುವಾಗ ಹೊಟ್ಟೆ ಹಿಡಿದುಕೊಂಡಳು. ಅವಳಿಗೂ ಅಲ್ಲೇ ನೋವಿತ್ತು.

ವಕೀಲರು ಒಳ್ಳೆಯವರು. ದಣಿದವರು. ಔಷಧಿ ಕಂಪನಿ ಎಷ್ಟೋ ಜನರ ಕೇಸನ್ನು ಒಟ್ಟಿಗೆ ರಾಜಿ ಮಾಡಿಕೊಳ್ಳುತ್ತಿದೆ, ಅದರಲ್ಲಿ ಅಕ್ಕನನ್ನೂ ಸೇರಿಸುತ್ತೇನೆ ಎಂದರು. ಮುಂದಿನ ಸಲ ಹೋದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸೇರಿಸೋಕೆ ಆಗಲ್ಲ ತಾಯಿ. ಅವರ ಲೆಕ್ಕಕ್ಕೆ ನೀವು ದಪ್ಪ ಇರ್ಲಿಲ್ಲ. ದಪ್ಪ ಇಲ್ಲದವರು ತಗೊಂಡ್ರೆ ಅದು ಔಷಧಿ ತಪ್ಪಲ್ಲ, ತಗೊಂಡವರ ತಪ್ಪು ಅಂತಾರೆ."

"ಕಾರ್ಖಾನೆಯವರು ದಪ್ಪ ಅಂದಿದ್ರಲ್ಲ ಸಾರ್" ಅಂದೆ ನಾನು.

"ಎಷ್ಟು ದಪ್ಪ?"

"ಅರ್ಧ ಇಂಚು."

ವಕೀಲರು ಬಹಳ ಹೊತ್ತು ಕಣ್ಣು ಉಜ್ಜಿಕೊಂಡರು. ಕಾರ್ಖಾನೆಗೆ ಅವಳು ಅರ್ಧ ಇಂಚು ಹೆಚ್ಚು. ಔಷಧಿ ಕಂಪನಿಯ ಲೆಕ್ಕದ ದಪ್ಪಕ್ಕೆ ಇಪ್ಪತ್ತು ಕೆಜಿ ಕಡಿಮೆ. ಎರಡರ ಮಧ್ಯೆ ಅಕ್ಕನ ಹೊಟ್ಟೆ ನಿಂತಿತ್ತು.

ಅವರು ಕಾರ್ಖಾನೆ, ಔಷಧಿ ಕಂಪನಿ ಎರಡರ ಮೇಲೂ ಬೇರೆ ಕೇಸು ಹಾಕಿದರು. ಕ್ಲಿನಿಕ್ಕಿನಲ್ಲಿ ಅಕ್ಕನ ಹೆಸರಿನ ಒಂದು ಚೀಟಿಯೂ ಇಲ್ಲ ಎಂದು ಕಾರ್ಖಾನೆ ಉತ್ತರ ಕೊಟ್ಟಿತು. ಸಿಸ್ಟರ್ ಬೇರೆ ಕಡೆ ಕೆಲಸಕ್ಕೆ ಹೋಗಿದ್ದಳು, ಅವಳ ಜಾಗಕ್ಕೆ ಬೇರೊಬ್ಬಳು ಬಂದಿದ್ದಳು. ಆಗ ವಕೀಲರು ವಾಪಸ್ ಬಂದ ಆ ಲಾಟನ್ನು ಎದುರಿಗಿಟ್ಟರು. ಈ ಹೆಂಗಸು ಕಾಯಿಲೆ ಬೀಳಲಿಲ್ಲ ಅಂದರೆ ಅಷ್ಟೂ ಫ್ರಾಕು ಬಿಗಿಯಾದದ್ದು ಹೇಗೆ ಎಂದು ಕೇಳಿದರು. ಕಾರ್ಖಾನೆಯವರಿಗೆ ಆ ಲಾಟಿನ ವಿಷಯ ಕೋರ್ಟಿನಲ್ಲಿ ಬೇಡವಾಗಿತ್ತು. ಕೂತು ಮಾತಾಡೋಣ ಎಂದು ಕರೆದರು.

ತಣ್ಣಗಿನ ಕೋಣೆ. ಉದ್ದ ಮೇಜು. ಕಾರ್ಖಾನೆ, ಔಷಧಿ ಕಂಪನಿ ಎರಡರ ಪರವಾಗಿಯೂ ಒಬ್ಬರೇ ವಕೀಲೆ ಬಂದಿದ್ದರು. ಚೆನ್ನಾಗಿ ಮಾತಾಡಿಸಿದರು. ಬಿಸ್ಕತ್ತಿನ ತಟ್ಟೆ ಅಕ್ಕನ ಮುಂದೆ ಸರಿಸಿದರು. ಅಕ್ಕ ತಟ್ಟೆಯನ್ನು ನನ್ನ ಕಡೆ ಸರಿಸಿದಳು. ನಾನು ಮುಟ್ಟಲಿಲ್ಲ.

"ಡಬ್ಬ ನಾವು ಕೊಡ್ತೀವಿ" ಅಂದರು ವಕೀಲೆ. "ಅವರಿಗೆ ಬೇಕಾಗಿರೋವರೆಗೂ. ಆಸ್ಪತ್ರೆದು ಕೂಡ. ಮಾನವೀಯತೆ ಮೇಲೆ. ಇದೊಂದು ಹೇಳಿಕೆಗೆ ಸಹಿ ಹಾಕಿದ್ರೆ ಸಾಕು."

ಭಾವ ಕುರ್ಚಿಯ ತುದಿಗೆ ಬಂದು ಕೂತ. ಅವನ ಗಾಡಿ ಆಗಲೇ ಮಾರಿಯಾಗಿತ್ತು.

"ಏನು ಬರೆದಿದೆ, ಓದು" ಅಂದಳು ಅಕ್ಕ ನನಗೆ.

ನಾನು ಓದಿದೆ. ನಾನು ನನ್ನ ಅಂದಕ್ಕಾಗಿ, ನನ್ನ ಸ್ವಂತ ಇಷ್ಟದಿಂದ, ಯಾರ ಒತ್ತಾಯವೂ ಇಲ್ಲದೆ, ಸದರಿ ಚುಚ್ಚುಮದ್ದನ್ನು ಕೇಳಿ ಪಡೆದಿರುತ್ತೇನೆ. ಈ ವಿಷಯವನ್ನು ಯಾರೊಡನೆಯೂ, ಯಾವ ರೀತಿಯಲ್ಲೂ ಪ್ರಸ್ತಾಪಿಸುವುದಿಲ್ಲ.

"ಅಂದಕ್ಕೆ ಅಂದ್ರೆ?"

"ಚೆನ್ನಾಗಿ ಕಾಣ್ಬೇಕು ಅಂತ" ಅಂದರು ವಕೀಲೆ.

"ಯಾರಿಗೆ?"

ವಕೀಲೆ ಪೆನ್ನು ಮುಚ್ಚಿದರು, ತೆಗೆದರು. "ಅದು ಬರೆಯೋ ರೀತಿ ಅಷ್ಟೇ ಅಮ್ಮ. ಯಾರೂ ಓದಲ್ಲ."

ನಮ್ಮ ವಕೀಲರು ಅಕ್ಕನ ಕಿವಿಯ ಹತ್ತಿರ ಬಗ್ಗಿದರು. "ಕೋರ್ಟಲ್ಲಿ ಗೆಲ್ಲೋದು ಕಷ್ಟ ಇದೆ ತಾಯಿ. ವರ್ಷಗಟ್ಟಲೆ ಎಳೀತಾರೆ. ಡಬ್ಬ ಬರುತ್ತೆ. ಯೋಚನೆ ಮಾಡಿ."

"ಹಾಕಕ್ಕ" ಅಂದೆ ನಾನು. ಭಾವ ಪೆನ್ನನ್ನು ಅವಳ ಕಡೆ ಸರಿಸಿದ.

ಅಕ್ಕ ಪೆನ್ನು ತೆಗೆದುಕೊಂಡಳು. ಕಾಗದ ಹತ್ತಿರಕ್ಕೆ ಎಳೆದುಕೊಂಡಳು. ಹಾಕುತ್ತಾಳೆ ಎಂದೇ ನಾವೆಲ್ಲ ಅಂದುಕೊಂಡೆವು. ಅವಳೂ ಅಂದುಕೊಂಡಿದ್ದಳಂತೆ.

"ಈಗ ಸ್ಯಾಂಪಲ್ ರೂಮಲ್ಲಿ ಯಾರು ನಿಲ್ತಾರೆ?" ಅಂತ ನನ್ನನ್ನು ಕೇಳಿದಳು.

"ಗುಂಡಿ ಮಷಿನ್ನಿನ ಹುಡುಗಿ."

"ಸೋಮವಾರ ಕ್ಲಿನಿಕ್ಕಿಗೆ ಹೋಗ್ತಾಳಾ?"

ಹೋಗುತ್ತಿದ್ದಳು. ನಾನು ನೋಡಿದ್ದೆ. ತಲೆ ಆಡಿಸಿದೆ.

ಅಕ್ಕ ವಕೀಲೆಯ ಕಡೆ ತಿರುಗಿದಳು. "ಯಾರಿಗೂ ಹೇಳಬಾರದು ಅಂತ ಬರೆದಿದೆಯಲ್ಲ ಮೇಡಂ. ಆ ಹುಡುಗಿಗೂ ಹೇಳಬಾರದಾ?"

"ಯಾರಿಗೂ."

"ಅವಳಿಗೆ ಒಬ್ಬಳಿಗೆ ಹೇಳ್ತೀನಿ. ಬೇರೆ ಯಾರಿಗೂ ಹೇಳಲ್ಲ."

"ಹಾಗೆ ಬರಲ್ಲ ಅಮ್ಮ. ಹೇಳಿದ್ರೆ ಡಬ್ಬ ನಿಲ್ಲುತ್ತೆ."

ಅಕ್ಕ ಪೆನ್ನನ್ನು ಮೇಜಿನ ಮೇಲಿಟ್ಟಳು. ಎಸೆಯಲಿಲ್ಲ. ಎಸೆಯುವಷ್ಟು ಶಕ್ತಿ ಇರಲಿಲ್ಲ.

"ಹಂಗಾದ್ರೆ ಆಗಲ್ಲ. ನಂಗೆ ಬೇಕಾಗಿತ್ತು ಅಂತ ನಾನು ಬರೆಯಲ್ಲ. ನಂಗೆ ಕೆಲಸ ಬೇಕಾಗಿತ್ತು. ಸೂಜಿ ನಿಮಗೆ ಬೇಕಾಗಿತ್ತು."

ಭಾವ ಎದ್ದು ಹೊರಗೆ ಹೋದ. ಬಸ್ಸಿನಲ್ಲಿ ನಮ್ಮಿಂದ ದೂರ ನಿಂತ. ಮನೆಗೆ ಬಂದ ಮೇಲೆ ಪುಡಿ ಕಲಸಿ ತಂದು ನಳಿಗೆಗೆ ಹಾಕಿದ. ಅವನು ಅಂದದ್ದು ಒಂದೇ. "ನೀನು ಸತ್ರೆ ಇವಳಿಗೆ ಜಡೆ ಯಾರು ಹಾಕೋದು?" ಅಕ್ಕ ಮಗಳ ತಲೆ ನೋಡಿದಳು.

ಮೂರನೆಯ ದಿನ ಸಂಜೆ ಶಿಫ್ಟು ಬಿಡುವ ಹೊತ್ತಿಗೆ ಅಕ್ಕ ಕಾರ್ಖಾನೆಯ ಗೇಟಿನ ಹತ್ತಿರ ಬಂದು ನಿಂತಿದ್ದಳು. ಒಬ್ಬಳೇ ಬಂದಿದ್ದಳು. ಗೋಡೆಗೆ ಒರಗಿದ್ದಳು. ಹೆಂಗಸರು ಗುಂಪುಗುಂಪಾಗಿ ಹೊರಗೆ ಬಂದರು. ಕೆಲವರಿಗೆ ಗುರುತು ಸಿಗಲಿಲ್ಲ. ಗುರುತು ಸಿಕ್ಕವರು ನಿಂತರು. "ಮೀಡಿಯಮ್ಮ ಅಲ್ವಾ" ಎಂದು ಯಾರೋ ಮೆಲ್ಲಗೆ ಅಂದರು. ಯಾರೂ ನಗಲಿಲ್ಲ.

ಗುಂಡಿ ಹುಡುಗಿ ಬಂದಳು. ಇನ್ನೂ ಚಿಕ್ಕವಳು. ತುಟಿ ಒಣಗಿತ್ತು.

"ಆ ಸೂಜಿ ತಗೋಬೇಡಮ್ಮ" ಅಂದಳು ಅಕ್ಕ.

"ಎಲ್ಲ ಗೊತ್ತಕ್ಕ. ನಿಮಗೆ ಮೊದಲೇ ಹೊಟ್ಟೆದು ಏನೋ ಇತ್ತಂತೆ. ಮಾಸ್ಟರ್ ಹೇಳಿದ್ರು."

"ಇರ್ಲಿಲ್ಲ."

"ಮತ್ತೆ ಕೇಸಲ್ಲಿ ಏನು ಕೊಟ್ರು ನಿಮಗೆ?"

"ಏನೂ ಇಲ್ಲ."

"ನೋಡಿ ಮತ್ತೆ. ಅವರದು ತಪ್ಪಿದ್ರೆ ಕೊಡ್ತಿರಲಿಲ್ವಾ?" ಹುಡುಗಿ ಜಗಳಕ್ಕೆ ಕೇಳಲಿಲ್ಲ. ನಿಜಕ್ಕೂ ಅವಳಿಗೆ ಹಾಗೇ ಅನಿಸಿತ್ತು. ಚೀಲ ಇನ್ನೊಂದು ಹೆಗಲಿಗೆ ಹಾಕಿಕೊಂಡು ಹೊರಟಳು.

ಅಕ್ಕ ಅವಳ ತೋಳು ಹಿಡಿದಳು. ಇನ್ನೊಂದು ಕೈಯಲ್ಲಿ ಅಂಗಿ ಎತ್ತಿದಳು. ರಸ್ತೆಯಲ್ಲಿ, ಗೇಟಿನ ಎದುರು, ಸೆಕ್ಯುರಿಟಿಯವನ ಮುಂದೆ. ಪಕ್ಕೆಲುಬು ಒಂದೊಂದೂ ಕಾಣುತ್ತಿತ್ತು. ಹೊಕ್ಕುಳ ಪಕ್ಕದಲ್ಲಿ ನಳಿಗೆ. ಅದರ ಸುತ್ತ ಕೆಂಪಾಗಿ ಕೀವು ಕಟ್ಟಿದ ಚರ್ಮ. ಪಿತ್ತಕೋಶ ತೆಗೆದ ಗಾಯದ ಗುರುತು. ಎಷ್ಟು ಜನ ಇದ್ದರೋ ಅಷ್ಟೂ ಜನ ನೋಡಿದರು. ಅಕ್ಕ ಅಲ್ಲಾಡಲಿಲ್ಲ. ಯಾರೂ ತಿರುಗು ಅನ್ನಲಿಲ್ಲ. ಅವಳೇ ಸುಮ್ಮನೆ ಈ ಕಡೆ ತಿರುಗಿದಳು, ಆ ಕಡೆ ತಿರುಗಿದಳು.

"ಅಂಗಿ ಇಳಿಸಮ್ಮ" ಅಂದ ಸೆಕ್ಯುರಿಟಿಯವನು. ಬೈಯಲಿಲ್ಲ.

ಹುಡುಗಿ ಅಲ್ಲೇ ಗೋಡೆಯ ಬುಡದಲ್ಲಿ ಕೂತು ವಾಂತಿ ಮಾಡಿಕೊಂಡಳು. ಅಕ್ಕ ಅವಳ ಹಣೆ ಹಿಡಿದುಕೊಂಡಳು.

ಸೋಮವಾರ ಹುಡುಗಿ ಕ್ಲಿನಿಕ್ಕಿಗೆ ಹೋಗಲಿಲ್ಲ. ಬುಧವಾರ ಅವಳನ್ನು ಸ್ಯಾಂಪಲ್ ರೂಮಿನಿಂದ, ಕೆಲಸದಿಂದಲೂ ತೆಗೆದರು. ಗುರುವಾರ ಮಾಸ್ಟರ್ ಟೇಪು ಹಿಡಿದು ಫ್ಲೋರಿಗೆ ಬಂದರು. ಸಾಲಾಗಿ ನಿಲ್ಲಿ ಎಂದರು. ಯಾರೂ ಮಷಿನ್ನಿನಿಂದ ಏಳಲಿಲ್ಲ. ಸೂಪರ್‌ವೈಸರ್ ಕೂಗಾಡಿದ. ಮಷಿನ್ನುಗಳು ಓಡುತ್ತಲೇ ಇದ್ದವು. ಅವತ್ತು ಸಂಜೆ ಒಂಬತ್ತು ಜನರನ್ನು ಕೆಲಸದಿಂದ ತೆಗೆದರು. ಅದರಲ್ಲಿ ನಾನೂ ಒಬ್ಬಳು. ಮಾಸ್ಟರ್ ಈಗ ಹೊರಗಿನಿಂದ ಯಾರನ್ನೋ ಕರೆಸುತ್ತಾರಂತೆ. ಅವಳಿಗೆ ಸೂಜಿ ಕೊಡುತ್ತಾರೋ ಇಲ್ಲವೋ ತಿಳಿಯದು. ಗೇಟಿನ ಹತ್ತಿರ ನಮ್ಮನ್ನು ನಿಲ್ಲಲು ಬಿಡುವುದಿಲ್ಲ.

ಕೇಸು ನಡೆಯುತ್ತಿದೆ. ವಕೀಲರು ಡೇಟು ಹೇಳುತ್ತಾರೆ, ಡೇಟು ಮುಂದೆ ಹೋಗುತ್ತದೆ. ಆಸ್ಪತ್ರೆಯಲ್ಲಿ ಉಳಿದ ಡಬ್ಬ ಇದ್ದರೆ ಡಾಕ್ಟರಮ್ಮ ಕೊಡುತ್ತಾರೆ. ಇಲ್ಲದಿದ್ದರೆ ಪುಡಿಗೆ ನೀರು ಹೆಚ್ಚು ಮಾಡುತ್ತೇವೆ. ಅಕ್ಕನಿಗೆ ಗೊತ್ತಾಗುತ್ತದೆ. ಕೇಳುವುದಿಲ್ಲ.

ಹೋದದ್ದು ಇಷ್ಟು. ಒಂದು ಪಿತ್ತಕೋಶ. ಐದು ಹಲ್ಲು. ಹತ್ತೊಂಬತ್ತು ಕೆಜಿ. ಭಾವನ ಗಾಡಿ. ಅಕ್ಕನ ಕೆಲಸ, ಗುಂಡಿ ಹುಡುಗಿಯ ಕೆಲಸ, ನಮ್ಮ ಒಂಬತ್ತು ಜನರ ಕೆಲಸ. ಮಗಳ ಸ್ಕೂಲು.

ಇನ್ನೇನಾದರೂ ಬಿಟ್ಟೆನಾ ಎಂದು ಅಕ್ಕನನ್ನು ಕೇಳಿದೆ.

"ಹಸಿವು" ಅಂದಳು. "ಅದೂ ಹೋಗಿದೆ."